ಬಾಣಂತಿಯರ ಐಸಿಯುವಿನಲ್ಲಿ ಯಾವ ಸ್ಕೋರ್ ಕೆಲಸಕ್ಕೆ ಬರುತ್ತದೆ? ಬಳಸಿ ನೋಡಿದ ಅರಿವಳಿಕೆ ವೈದ್ಯೆಯ ವಿಮರ್ಶೆ

ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಜಿಲ್ಲಾ ಮಟ್ಟದಲ್ಲಿ ಅರಿವಳಿಕೆ ಕೊಡುವವರೇ ತೀವ್ರ ನಿಗಾ ಘಟಕವನ್ನೂ ನೋಡಿಕೊಳ್ಳುವುದು ವಾಡಿಕೆ. ಹೀಗಾಗಿ ಹೆರಿಗೆ ವಾರ್ಡಿನಲ್ಲಿ ಫಿಟ್ಸ್ ಬಂದವರು, ರಕ್ತಸ್ರಾವ ನಿಲ್ಲದವರು, ನಂಜೇರಿ ಉಸಿರಿಗೆ ಒದ್ದಾಡುವವರು ಎಲ್ಲರೂ ನಮ್ಮ ಘಟಕಕ್ಕೆ ಬರುತ್ತಾರೆ. ಬಂದ ಸ್ವಲ್ಪ ಹೊತ್ತಿನಲ್ಲೇ ಬಾಗಿಲ ಬಳಿ ನಿಂತ ತಾಯಿಯೋ ಅತ್ತೆಯೋ ಕೇಳುವ ಪ್ರಶ್ನೆ ಒಂದೇ: "ಬಾಯಾರೇ, ನಮ್ಮ ಹುಡುಗಿ ಉಳಿಯುತ್ತಾಳೇನು?" ಒಳಗೆ ನಾವೂ ಅದನ್ನೇ ಕೇಳಿಕೊಳ್ಳುತ್ತಿರುತ್ತೇವೆ. ನಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ರೋಗದ ತೀವ್ರತೆಯನ್ನು ಲೆಕ್ಕ ಹಾಕಿ ಸಾವಿನ ಸಾಧ್ಯತೆ ಹೇಳುವ ಉಚಿತ ಕ್ಯಾಲ್ಕುಲೇಟರ್‌ಗಳಿವೆ. ಅವುಗಳಲ್ಲಿ ಯಾವುದು ಗರ್ಭಿಣಿ ಮತ್ತು ಬಾಣಂತಿಯರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ, ಯಾವುದು ದಾರಿ ತಪ್ಪಿಸುತ್ತದೆ ಎಂಬುದನ್ನು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಿಗೆ ಹೊಸದಾಗಿ ಬರುವ ವೈದ್ಯರಿಗೂ ಶುಶ್ರೂಷಾಧಿಕಾರಿಗಳಿಗೂ ಅನುಕೂಲವಾಗಲಿ ಎಂದು ಬರೆಯುತ್ತಿದ್ದೇನೆ.

ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಗರ್ಭಿಣಿಯ ಮುಂದೆ ಅಪಾಚೆ-2 ಎಂಬ, ಎಲ್ಲ ಐಸಿಯು ರೋಗಿಗಳಿಗೂ ಹಾಕುವ ಸ್ಕೋರ್ ತೆರೆಯಬೇಡಿ. ಬಿಪಿ ಏರಿ ದಾಖಲಾದವರಿಗೆ ಮೊದಲ ದಿನವೇ ಫುಲ್‌ಪಿಯರ್ಸ್ ಎಂಬ, ಗರ್ಭಿಣಿಯರಿಗೆಂದೇ ಮಾಡಿದ ಲೆಕ್ಕ ಹಾಕಿ. ಐಸಿಯುವಿಗೆ ಬಂದ ಪ್ರತಿಯೊಬ್ಬಳಿಗೂ ದಿನಕ್ಕೊಮ್ಮೆ, ಯಾವ ಅಂಗ ಎಷ್ಟು ಕೆಟ್ಟಿದೆ ಎಂದು ಅಳೆಯುವ ಸೋಫಾ ಸ್ಕೋರ್ ಬರೆಯಿರಿ, ನಿನ್ನೆಯದರ ಪಕ್ಕದಲ್ಲೇ ಬರೆಯಿರಿ. ಇಷ್ಟಾದರೂ ಈ ಎಲ್ಲ ಸ್ಕೋರ್‌ಗಳಲ್ಲೂ ಒಂದು ದೊಡ್ಡ ದೋಷವಿದೆ. ಅದು ನಮ್ಮಂಥ ಆಸ್ಪತ್ರೆಗಳಲ್ಲೇ ಹೆಚ್ಚು ಕಾಡುತ್ತದೆ. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ.

ಅಪಾಚೆ-2 ಬಂದದ್ದು 1985ರಲ್ಲಿ, ಅಮೆರಿಕದಿಂದ. ಐಸಿಯು ಎಂದರೆ ಅಪಾಚೆ ಎನ್ನುವಷ್ಟು ಅದು ಬೇರೂರಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಲು ಮೊದಲು ಹಿಡಿಯುವುದೂ ಅದನ್ನೇ. ದಾಖಲಾದ ಮೊದಲ 24 ಗಂಟೆಗಳಲ್ಲಿ ರೋಗಿಯ ಸ್ಥಿತಿ ಅತಿ ಕೆಟ್ಟದಾಗಿದ್ದಾಗಿನ ಹನ್ನೆರಡು ಅಳತೆಗಳನ್ನು ಅದು ಕೇಳುತ್ತದೆ: ಜ್ವರ, ರಕ್ತದೊತ್ತಡ, ನಾಡಿ, ಉಸಿರು, ಆಮ್ಲಜನಕ, ರಕ್ತದ ಆಮ್ಲೀಯತೆ, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಸ), ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ಬಿಳಿ ರಕ್ತಕಣ, ಪ್ರಜ್ಞೆಯ ಮಟ್ಟ. ವಯಸ್ಸಿಗೂ ಹಳೆಯ ಕಾಯಿಲೆಗಳಿಗೂ ಪ್ರತ್ಯೇಕ ಅಂಕ ಸೇರುತ್ತದೆ. ಒಟ್ಟು 71. ಹೃದಯ ಕೆಟ್ಟ, ಶ್ವಾಸಕೋಶ ಕೆಟ್ಟ, ವಯಸ್ಸಾದ ರೋಗಿಗಳಿಗೆ ಅದು ಒಳ್ಳೆಯ ಅಳತೆಗೋಲು. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ತುಂಬು ಗರ್ಭಿಣಿಯ ದೇಹ ಸಹಜವಾಗಿಯೇ ಬೇರೆ ಲೆಕ್ಕದಲ್ಲಿ ನಡೆಯುತ್ತದೆ. ನಾಡಿ ನಿಮಿಷಕ್ಕೆ ಹದಿನೈದಿಪ್ಪತ್ತು ಬಡಿತ ಹೆಚ್ಚುತ್ತದೆ. ರಕ್ತದ ನೀರಿನಂಶ ಹೆಚ್ಚಿ ಹಿಮಟೋಕ್ರಿಟ್ ಇಳಿಯುತ್ತದೆ. ಹೆರಿಗೆ ನೋವಿನಲ್ಲಿ ಬಿಳಿ ರಕ್ತಕಣಗಳು ಇಪ್ಪತ್ತು ಸಾವಿರ ದಾಟುವುದೂ ಉಂಟು. ಮೂತ್ರಪಿಂಡಗಳು ಹೆಚ್ಚು ಶೋಧಿಸುವುದರಿಂದ ಕ್ರಿಯಾಟಿನಿನ್ 0.5ರ ಆಸುಪಾಸಿಗೆ ಇಳಿಯುತ್ತದೆ. ಈಗ ಯಾವ ತೀವ್ರ ಕಾಯಿಲೆಯೂ ಇಲ್ಲದ, ನೋವು ತಿನ್ನುತ್ತಿರುವ, ನಮ್ಮ ಕಡೆ ಸಾಮಾನ್ಯವಾಗಿ ಕಾಣುವಷ್ಟು ರಕ್ತಹೀನತೆ ಇರುವ ಒಬ್ಬಳನ್ನು ತೆಗೆದುಕೊಂಡು ಲೆಕ್ಕ ಹಾಕಿ. ನಾಡಿ 112, ಅದಕ್ಕೆ 2 ಅಂಕ. ಹಿಮಟೋಕ್ರಿಟ್ 27, ಅದಕ್ಕೆ 2. ಬಿಳಿ ರಕ್ತಕಣ 21 ಸಾವಿರ, ಅದಕ್ಕೆ 2. ಕ್ರಿಯಾಟಿನಿನ್ 0.5. ಇದು ಗರ್ಭಿಣಿಗೆ ಆರೋಗ್ಯದ ಲಕ್ಷಣ, ಆದರೆ 0.6ಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ಅಪಾಚೆ ಅದಕ್ಕೂ 2 ಅಂಕ ಕೊಡುತ್ತದೆ. ಒಟ್ಟು 8. ಐಸಿಯುವಿನ ಅಗತ್ಯವೇ ಇಲ್ಲದ ಹೆಣ್ಣುಮಗಳಿಗೆ ಎಂಟು ಅಂಕದ ಕಾಯಿಲೆ ಅಂಟಿತು.

ಇನ್ನು ಎಕ್ಲಾಂಪ್ಸಿಯಾ, ಅಂದರೆ ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬರುವ ಕಾಯಿಲೆ. ಮನೆಯಲ್ಲೇ ಫಿಟ್ಸ್ ಬಂದು, 108ರಲ್ಲಿ ಮತ್ತೊಮ್ಮೆ ಬಂದು, ನಮ್ಮಲ್ಲಿಗೆ ತಲುಪುವಾಗ ಮಾತಿಲ್ಲದ, ಕಣ್ಣು ಬಿಡದ ಚೊಚ್ಚಲ ಗರ್ಭಿಣಿ. ಇಂಥವರು ನಮ್ಮ ಘಟಕಕ್ಕೆ ಹೊಸಬರಲ್ಲ. ಪ್ರಜ್ಞೆಯ ಅಳತೆ 15ಕ್ಕೆ 6, ಕಡಿಮೆಯಾದಷ್ಟೂ ಅಂಕ ಸೇರುವುದರಿಂದ 9 ಅಂಕ. ಬಿಪಿ 180/116, ಅದಕ್ಕೆ 3. ನಾಡಿ 128ಕ್ಕೆ 2, ಉಸಿರು 30ಕ್ಕೆ 1, ಹಿಮಟೋಕ್ರಿಟ್ 28ಕ್ಕೆ 2, ಬಿಳಿ ರಕ್ತಕಣ 19 ಸಾವಿರಕ್ಕೆ 1, ರಕ್ತದ ಆಮ್ಲೀಯತೆ 7.28ಕ್ಕೆ 2. ಒಟ್ಟು 20. ಪಠ್ಯಪುಸ್ತಕಗಳಲ್ಲಿರುವ ಕೋಷ್ಟಕ ನೋಡಿದರೆ, ಶಸ್ತ್ರಚಿಕಿತ್ಸೆಯಾಗದ ರೋಗಿಗಳಲ್ಲಿ ಈ ಅಂಕಕ್ಕೆ ನೂರಕ್ಕೆ ಸುಮಾರು 40 ಸಾವು. ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು, ಬಿಪಿ ಇಳಿಸಿ, ಹೆರಿಗೆ ಮಾಡಿಸಿ, ವೆಂಟಿಲೇಟರ್‌ನಲ್ಲಿ ಒಂದು ರಾತ್ರಿ ಇಟ್ಟರೆ ಅವರಲ್ಲಿ ಬಹಳಷ್ಟು ಮಂದಿ ಎರಡು ಮೂರು ದಿನಗಳಲ್ಲಿ ಎದ್ದು ಕುಳಿತು ಗಂಜಿ ಕೇಳುತ್ತಾರೆ, ಮಗು ಎಲ್ಲಿ ಎಂದು ಕೇಳುತ್ತಾರೆ. ಕಾಯಿಲೆಯ ಮೂಲ ಮಾಸು, ಅಂದರೆ ಪ್ಲಾಸೆಂಟಾ. ಅದು ಹೊರಬಿದ್ದ ಮೇಲೆ ದೇಹ ಸುಧಾರಿಸಿಕೊಳ್ಳಲು ಶುರುಮಾಡುತ್ತದೆ. ಅಪಾಚೆಯ ಕಾಯಿಲೆಗಳ ಪಟ್ಟಿಯಲ್ಲಿ ಹೆರಿಗೆಗೆ ಜಾಗವೇ ಇಲ್ಲದ ಕಾರಣ ಈ ಚೇತರಿಕೆ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಗರ್ಭಿಣಿಯರಲ್ಲಿ ಅಪಾಚೆ ಸಾವನ್ನು ಹೆಚ್ಚಾಗಿ ಅಂದಾಜಿಸುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿರುವುದು ಇದೇ ಕಾರಣಕ್ಕೆ.

ಹೆಚ್ಚು ಹೆದರಿಸುವುದಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಹೆದರಬೇಕಾದ ಕಡೆ ಅದು ಸುಮ್ಮನಿರುತ್ತದೆ, ನನ್ನ ನಿಜವಾದ ಆಕ್ಷೇಪ ಅದಕ್ಕೇ. ಅಪಾಚೆ-2ರಲ್ಲಿ ಪ್ಲೇಟ್‌ಲೆಟ್ ಇಲ್ಲ, ಕಾಮಾಲೆಯ ಅಳತೆಯಾದ ಬಿಲಿರುಬಿನ್ ಇಲ್ಲ, ಯಕೃತ್ತಿನ ಕಿಣ್ವಗಳಿಲ್ಲ. ಹೆಲ್ಪ್ ಸಿಂಡ್ರೋಮ್, ಅಂದರೆ ಕೆಂಪು ರಕ್ತಕಣ ಒಡೆದು, ಯಕೃತ್ತು ಕೆಟ್ಟು, ಪ್ಲೇಟ್‌ಲೆಟ್ ಕುಸಿಯುವ ಸ್ಥಿತಿ ಬಂದವಳ ಇಡೀ ಕಥೆ ಇರುವುದು ಈ ಮೂರರಲ್ಲೇ. ಅವಳು ಪೂರ್ತಿ ಎಚ್ಚರವಾಗಿರುತ್ತಾಳೆ, "ಹೊಟ್ಟೆಯ ಮೇಲ್ಭಾಗ ಉರಿಯುತ್ತಿದೆ, ಗ್ಯಾಸ್ ಇರಬೇಕು ಮೇಡಂ" ಎನ್ನುತ್ತಾಳೆ, ಅಪಾಚೆ ಏಳೋ ಎಂಟೋ ತೋರಿಸುತ್ತದೆ. ಅತ್ತ ಅವಳ ಯಕೃತ್ತು ಸೋಲುತ್ತಿರುತ್ತದೆ. ಹೆರಿಗೆ ಘಟಕದ ಮಟ್ಟಿಗೆ ಅಪಾಚೆ-2ಕ್ಕೆ ಐದಕ್ಕೆ ಒಂದೂವರೆ.

ಸೋಫಾ 1996ರದ್ದು. ಶ್ವಾಸಕೋಶ, ಪ್ಲೇಟ್‌ಲೆಟ್, ಯಕೃತ್ತು, ರಕ್ತಪರಿಚಲನೆ, ಪ್ರಜ್ಞೆ, ಮೂತ್ರಪಿಂಡ ಎಂದು ಆರು ಸಾಲು, ಪ್ರತಿ ಸಾಲಿಗೂ ಸೊನ್ನೆಯಿಂದ ನಾಲ್ಕು, ಒಟ್ಟು 24. ಇದನ್ನು ಮಾಡಿದವರ ಮುಖ್ಯ ಉದ್ದೇಶ ಯಾವ ಅಂಗ ಎಷ್ಟು ಕೆಟ್ಟಿದೆ ಎಂದು ದಿನದಿನವೂ ಬರೆದಿಡುವುದು. ಸಾವಿನ ಭವಿಷ್ಯ ಹೇಳುವ ಕೆಲಸ ಆಮೇಲೆ ಬಂದು ಸೇರಿಕೊಂಡದ್ದು. ಈ ಗುಣದಿಂದಲೇ ಅದು ಬಾಣಂತಿಯರಿಗೆ ಹೊಂದಿಕೊಳ್ಳುತ್ತದೆ. ಮೇಲೆ ಹೇಳಿದ ಎಕ್ಲಾಂಪ್ಸಿಯಾದವಳಿಗೆ ಸೋಫಾ ಹಾಕಿದರೆ: ಪ್ರಜ್ಞೆಗೆ 3, ಪ್ಲೇಟ್‌ಲೆಟ್ 1.3 ಲಕ್ಷಕ್ಕೆ 1, ಆಮ್ಲಜನಕಕ್ಕೆ 1, ಒಟ್ಟು 5. ಮರುದಿನ ಕಣ್ಣು ಬಿಟ್ಟಾಗ 3. ಅದರ ಮರುದಿನ 1. ಇಳಿಯುತ್ತಿರುವ ಸಂಖ್ಯೆಯನ್ನು ಕಂಡಾಗ ನಮಗೆ ಆಗುವ ಸಮಾಧಾನಕ್ಕೆ ಆಧಾರವಿದೆ.

ಅದೇ ವಾರ್ಡಿನಲ್ಲಿ ಹೆಲ್ಪ್ ಸಿಂಡ್ರೋಮ್‌ನವಳು ಇದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಮಾತಾಡುತ್ತಾಳೆ, ನೀರು ಕೇಳುತ್ತಾಳೆ. ಪ್ಲೇಟ್‌ಲೆಟ್ 42 ಸಾವಿರ, 3 ಅಂಕ. ಬಿಲಿರುಬಿನ್ 3.1ಕ್ಕೆ 2, ಕ್ರಿಯಾಟಿನಿನ್ 1.6ಕ್ಕೆ 1. ಮೊದಲ ದಿನವೇ 6. ಮರುದಿನ ಬೆಳಿಗ್ಗೆ ಪ್ಲೇಟ್‌ಲೆಟ್ 28 ಸಾವಿರ, ಅಂಕ ಬದಲಾಗದು, ಬಿಲಿರುಬಿನ್ 6.2 ಆಗಿ 3, ಕ್ರಿಯಾಟಿನಿನ್ 2.4 ಆಗಿ 2, ಆಮ್ಲಜನಕ ಇಳಿದು 2. ಆರು ಇದ್ದದ್ದು ಹತ್ತಾಯಿತು. ಎಚ್ಚರವಾಗಿದ್ದಾಳೆ ಎಂಬ ಕಾರಣಕ್ಕೆ ಇವಳನ್ನು ನಮ್ಮಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ. ಡಯಾಲಿಸಿಸ್, ಪ್ಲೇಟ್‌ಲೆಟ್, ಪ್ಲಾಸ್ಮಾ ಮೂರೂ ಸಿಗುವ ವೈದ್ಯಕೀಯ ಕಾಲೇಜಿಗೆ ಮಧ್ಯಾಹ್ನದೊಳಗೆ ಹೊರಡಿಸಬೇಕು. ಅಂಥವಳೊಬ್ಬಳ ಕೇಸ್ ಶೀಟ್‌ನಲ್ಲಿ ಪಕ್ಕಪಕ್ಕದಲ್ಲಿದ್ದ ಆ ಎರಡು ಸಂಖ್ಯೆಗಳನ್ನು ಫೋನಿನಲ್ಲಿ ಓದಿ ಹೇಳಿದಾಗ ಆಚೆ ಕಡೆಯ ವೈದ್ಯರು ಮರುಮಾತಿಲ್ಲದೆ ಹಾಸಿಗೆ ಕಾದಿಟ್ಟರು. "ಸ್ವಲ್ಪ ಸೀರಿಯಸ್ ಇದ್ದಾರೆ ಸರ್" ಎಂದಿದ್ದರೆ ಇನ್ನಷ್ಟು ಪ್ರಶ್ನೆಗಳಿರುತ್ತಿದ್ದವು. ಅವಳು ಉಳಿದಳು. ಸ್ಕೋರ್‌ನ ಅತಿ ದೊಡ್ಡ ಉಪಯೋಗ ಇದು ಎಂದು ನಾನು ನಂಬಿದ್ದೇನೆ. ಇಬ್ಬರು ವೈದ್ಯರ ನಡುವೆ, ಎರಡು ಪಾಳಿಗಳ ನಡುವೆ, ಎರಡು ಆಸ್ಪತ್ರೆಗಳ ನಡುವೆ ಒಂದೇ ಭಾಷೆ ಸಿಗುತ್ತದೆ, ಅದರಿಂದ ಗಂಟೆಗಳು ಉಳಿಯುತ್ತವೆ.

ಸೋಫಾದಲ್ಲೂ ಒಂದು ಕೊರತೆಯಿದೆ. ಕ್ರಿಯಾಟಿನಿನ್ 1.2 ಆಗುವವರೆಗೂ ಅದು ಸೊನ್ನೆಯನ್ನೇ ಕೊಡುತ್ತದೆ. 0.5 ಇದ್ದ ಗರ್ಭಿಣಿಗೆ 1.1 ಆದರೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಮೂತ್ರಪಿಂಡ ಕಷ್ಟದಲ್ಲಿದೆ ಎಂದೇ ಅರ್ಥ. ಲ್ಯಾಬ್ ವರದಿಯಲ್ಲಿ ಅದರ ಪಕ್ಕ "ಸಾಮಾನ್ಯ" ಎಂದೇ ಅಚ್ಚಾಗಿರುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಗರ್ಭಿಣಿಯರ ಕಾಯಿಲೆಗಳನ್ನು ನೋಡುವ ವೈದ್ಯರ ಸಂಘಟನೆಯಾದ ಸೊಮಾಂಜ್ 2017ರಲ್ಲಿ ಇದನ್ನು ಗರ್ಭಿಣಿಯರಿಗಾಗಿ ತಿದ್ದಿತು. ಅದರಲ್ಲಿ ಪ್ರತಿ ಅಂಗಕ್ಕೂ ಸೊನ್ನೆ, ಒಂದು, ಎರಡು ಅಷ್ಟೇ. ಕ್ರಿಯಾಟಿನಿನ್ ಸುಮಾರು 1.0 ದಾಟಿದರೇ ಒಂದು ಅಂಕ, 1.35ರ ಆಚೆ ಎರಡು. ಪ್ರಜ್ಞೆಯ ಲೆಕ್ಕವೂ ಸರಳ: ಕೂಗಿದರೆ ಎಚ್ಚರಗೊಂಡರೆ ಒಂದು, ನೋವು ಮಾಡಿದರೆ ಮಾತ್ರ ಎಚ್ಚರಗೊಂಡರೆ ಎರಡು. ರಾತ್ರಿ ಪಾಳಿಯ ಶುಶ್ರೂಷಾಧಿಕಾರಿ ಯಾರನ್ನೂ ಕೇಳದೆ ತಾನೇ ಹಾಕಬಹುದು. ಮುಖ್ಯವಾಗಿ ನಂಜಿಗೆಂದು ಮಾಡಿದ ತಿದ್ದುಪಡಿ ಇದು. ನಮ್ಮಲ್ಲಿ ನಂಜು ಎಂದು ಅನುಮಾನ ಬಂದ ಎಲ್ಲರಿಗೂ ಇದನ್ನೇ ಹಾಕುತ್ತೇವೆ. ಮೇಲಿನ ಒತ್ತಡ 90ಕ್ಕಿಂತ ಕಡಿಮೆ, ಉಸಿರು ನಿಮಿಷಕ್ಕೆ 25 ಅಥವಾ ಹೆಚ್ಚು, ಪ್ರಜ್ಞೆಯಲ್ಲಿ ಏರುಪೇರು: ಈ ಮೂರರಲ್ಲಿ ಎರಡಿದ್ದರೆ ಲ್ಯಾಬಿಗೆ ಕಾಯದೆ ವೈದ್ಯರನ್ನು ಕರೆಯಿರಿ ಎಂಬ ಕಿರು ರೂಪವೂ ಅದರ ಜೊತೆಗಿದೆ. ಪ್ರಸೂತಿ ವಾರ್ಡಿನ ಗೋಡೆಯ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ಸೋಫಾಕ್ಕೆ ನಾಲ್ಕು, ಈ ತಿದ್ದಿದ ರೂಪಕ್ಕೆ ನಾಲ್ಕೂವರೆ.

ಈಗ ಆ ದೊಡ್ಡ ದೋಷದ ಮಾತು. ಮಾಡಿಸದ ಪರೀಕ್ಷೆಯನ್ನು ಈ ಸ್ಕೋರ್‌ಗಳು ಸಾಮಾನ್ಯ ಎಂದು ಭಾವಿಸುತ್ತವೆ. ಬಿಲಿರುಬಿನ್ ಕಳಿಸಿಲ್ಲವೇ? ಸೊನ್ನೆ. ರಕ್ತದ ಅನಿಲ ಪರೀಕ್ಷೆಯ ಯಂತ್ರದಲ್ಲಿ ಕಾರ್ಟ್ರಿಡ್ಜ್ ಮುಗಿದಿದೆಯೇ? ಸೊನ್ನೆ. ಸಂಶೋಧನೆಯಲ್ಲಿ ಹೀಗೆ ಮಾಡುವುದಕ್ಕೆ ಒಂದು ತರ್ಕವಿದೆ. ಎಲ್ಲ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ವೈದ್ಯರು ಒಂದು ಪರೀಕ್ಷೆಯನ್ನು ಕಳಿಸಿಲ್ಲ ಎಂದರೆ ಅದರ ಅಗತ್ಯ ಕಂಡಿಲ್ಲ ಎಂದುಕೊಳ್ಳಬಹುದು. ನಮ್ಮಲ್ಲಿ ಕಳಿಸದಿರಲು ಕಾರಣಗಳೇ ಬೇರೆ. ರಾತ್ರಿ ಲ್ಯಾಬ್ ಮುಚ್ಚಿರುತ್ತದೆ. ರಾಸಾಯನಿಕ ಬಂದಿರುವುದಿಲ್ಲ. ಹೊರಗಿನ ಲ್ಯಾಬಿಗೆ ಒಯ್ಯಲು ಮನೆಯವರಲ್ಲಿ ದುಡ್ಡಿರುವುದಿಲ್ಲ, ಇದ್ದರೂ ಒಯ್ಯುವ ಗಂಡಸರು ರಕ್ತನಿಧಿಯ ಮುಂದೆ ಸಾಲಿನಲ್ಲಿ ನಿಂತಿರುತ್ತಾರೆ. ಹೀಗೆ ಎಲ್ಲಕ್ಕಿಂತ ಕಡಿಮೆ ಪರೀಕ್ಷೆಯಾದ ಹೆಣ್ಣುಮಗಳಿಗೆ ಎಲ್ಲಕ್ಕಿಂತ ಒಳ್ಳೆಯ ಸ್ಕೋರ್ ಬರುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಒಂದು ಲೆಕ್ಕ ಮಾಡಲು ಸಾಧ್ಯವೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ತಾಲ್ಲೂಕಿನಿಂದ ಬರುವ ರೆಫರಲ್ ಚೀಟಿಗಳಲ್ಲಿ ಇದು ಎದ್ದು ಕಾಣುತ್ತದೆ. "ಸೋಫಾ 2" ಎಂದು ಬರೆದಿರುತ್ತದೆ. ಚೀಟಿಯ ಹಿಂಬದಿ ನೋಡಿದರೆ ಬಿಪಿ ಮತ್ತು ಪ್ರಜ್ಞೆ ಮಾತ್ರ ಅಳೆದಿರುತ್ತಾರೆ, ಉಳಿದ ನಾಲ್ಕು ಸಾಲಿಗೆ ಆಧಾರವೇ ಇರುವುದಿಲ್ಲ. ಬರೆದವರ ತಪ್ಪಲ್ಲ, ಕ್ಯಾಲ್ಕುಲೇಟರ್ ಅವರಿಗೆ ಉತ್ತರ ಕೊಟ್ಟಿತು, ಅವರು ಬರೆದರು. ಆ ಎರಡು ಅಂಕದ ಧೈರ್ಯದಲ್ಲಿ 108ರಲ್ಲಿ ಆಮ್ಲಜನಕವಿಲ್ಲದೆ, ಜೊತೆಗೆ ನರ್ಸ್ ಇಲ್ಲದೆ ಹೊರಡಿಸುವುದು ಮಾತ್ರ ಅಪಾಯ.

ನಾವು ಮಾಡಿಕೊಂಡಿರುವ ಉಪಾಯ ಚಿಕ್ಕದು. ಅಚ್ಚು ಹಾಕಿಸಿದ ಸೋಫಾ ಹಾಳೆಯಲ್ಲಿ ಆರು ಸಾಲುಗಳ ಕೆಳಗೆ ಏಳನೆಯದೊಂದು ಸೇರಿಸಿದ್ದೇವೆ: "ಗೊತ್ತಿಲ್ಲದ್ದು ಎಷ್ಟು?" ಸ್ಕೋರ್ ಅನ್ನು ಈಗ "5, ಗೊತ್ತಿಲ್ಲದ್ದು 2" ಎಂದೇ ಹೇಳುತ್ತೇವೆ, ಬರೆಯುತ್ತೇವೆ. ಬೆಳಗಿನ ರೌಂಡ್ಸ್‌ನಲ್ಲಿ ಗೊತ್ತಿಲ್ಲದ್ದು ಮೂರಕ್ಕಿಂತ ಹೆಚ್ಚಿದ್ದರೆ ಆ ರೋಗಿಗೆ ಸ್ಕೋರ್ ಇಲ್ಲ ಎಂದು ಪರಿಗಣಿಸಿ, ಮೊದಲು ರಕ್ತ ಕಳಿಸುವ ವ್ಯವಸ್ಥೆ ಮಾಡುತ್ತೇವೆ. ಅನಿಲ ಪರೀಕ್ಷೆ ಇಲ್ಲದ ದಿನಗಳಲ್ಲಿ ಪಲ್ಸ್ ಆಕ್ಸಿಮೀಟರ್ ಓದನ್ನೂ ಎಷ್ಟು ಆಮ್ಲಜನಕ ಕೊಡುತ್ತಿದ್ದೇವೆ ಎಂಬುದನ್ನೂ ಒಟ್ಟಿಗೆ ಬರೆಯುತ್ತೇವೆ. 96 ಎಂದಷ್ಟೇ ಬರೆದರೆ ಏನೂ ತಿಳಿಯದು. ಗಾಳಿಯಲ್ಲಿ 96 ಬೇರೆ, ಮಾಸ್ಕಿನಲ್ಲಿ ನಿಮಿಷಕ್ಕೆ 10 ಲೀಟರ್ ಹರಿಯುವಾಗಿನ 96 ಬೇರೆ. ರಕ್ತ ಹೋಗಿ ಬೆರಳು ತಣ್ಣಗಾಗಿದ್ದರೆ ಆಕ್ಸಿಮೀಟರ್ ಓದನ್ನು ನಂಬದೆ ಕಿವಿಯ ಹಾಲೆಗೆ ಹಾಕಿ ನೋಡಬೇಕು.

ಮೂತ್ರದ ಲೆಕ್ಕವೂ ಹೀಗೆಯೇ. ಸೋಫಾದಲ್ಲಿ ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ಬದಲು ದಿನದ ಮೂತ್ರದ ಪ್ರಮಾಣವನ್ನೂ ಬಳಸಬಹುದು. 500 ಮಿಲಿಗಿಂತ ಕಡಿಮೆಯಾದರೆ ನೇರ 3 ಅಂಕ. ಖರ್ಚಿಲ್ಲದ ಪರೀಕ್ಷೆ. ಆದರೆ ಚೀಲ ಖಾಲಿ ಮಾಡಿದವರು ಬರೆದಿಡಬೇಕು. ಮೆಗ್ನೀಸಿಯಂ ಕೊಡುತ್ತಿರುವವರಿಗೆ ಮೊಣಕಾಲಿಗೆ ತಟ್ಟಿದಾಗ ಕಾಲು ಮಿಡಿಯುವುದು, ಉಸಿರಿನ ವೇಗ, ಮೂತ್ರ ಮೂರನ್ನೂ ನೋಡಿಯೇ ಮುಂದಿನ ಡೋಸ್ ಹಾಕಬೇಕಾದ್ದರಿಂದ ನಮ್ಮ ಶುಶ್ರೂಷಾಧಿಕಾರಿಗಳು ಇದರಲ್ಲಿ ಪಳಗಿದ್ದಾರೆ. ಅವರು ಗಂಟೆಗಂಟೆಗೂ ಬರೆದ ಅಂಕಿಗಳಿಲ್ಲದಿದ್ದರೆ ನನ್ನ ಮೊಬೈಲಿನ ಯಾವ ಕ್ಯಾಲ್ಕುಲೇಟರ್‌ಗೂ ಬೆಲೆಯಿಲ್ಲ.

ಫುಲ್‌ಪಿಯರ್ಸ್ ಸಂಪೂರ್ಣವಾಗಿ ಗರ್ಭಿಣಿಯರಿಗಾಗಿಯೇ ಹುಟ್ಟಿದ್ದು. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಿಎಕ್ಲಾಂಪ್ಸಿಯಾದಿಂದ, ಅಂದರೆ ಗರ್ಭಿಣಿಯರ ಬಿಪಿ ಕಾಯಿಲೆಯಿಂದ ದಾಖಲಾದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯಿಂದ ಕಟ್ಟಿದ್ದು. ಮುಂದಿನ 48 ಗಂಟೆಗಳಲ್ಲಿ ತಾಯಿಗೆ ಗಂಭೀರ ತೊಂದರೆಯಾಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಹೇಳುತ್ತದೆ. ಕೇಳುವುದು ಆರೇ ಸಂಗತಿ: ಎಷ್ಟು ವಾರ, ಎದೆನೋವು ಅಥವಾ ಉಸಿರಾಟದ ತೊಂದರೆ ಇದೆಯೇ, ಆಕ್ಸಿಮೀಟರ್ ಓದು, ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಯಕೃತ್ತಿನ ಕಿಣ್ವವಾದ ಎಎಸ್‌ಟಿ. ಮೊದಲ ಸಲ ನೋಡಿದವರು ಕಣ್ಣುಜ್ಜಿಕೊಳ್ಳುತ್ತಾರೆ, ಏಕೆಂದರೆ ಬಿಪಿ ಕಾಯಿಲೆಯ ಈ ಲೆಕ್ಕದಲ್ಲಿ ಬಿಪಿಯೇ ಇಲ್ಲ, ಮೂತ್ರದ ಆಲ್ಬುಮಿನ್ ಕೂಡ ಇಲ್ಲ. ಯೋಚಿಸಿದರೆ ಅದರ ಹಿಂದಿನ ಬುದ್ಧಿ ತಿಳಿಯುತ್ತದೆ. ಬಿಪಿಯನ್ನು ನಾವು ಔಷಧಿಯಿಂದ ಇಳಿಸಿಬಿಡುತ್ತೇವೆ; 130/80 ಕಂಡು ನಿರಾಳವಾಗುತ್ತೇವೆ; ಅಂಗಗಳಿಗೆ ಆಗುತ್ತಿರುವ ಪೆಟ್ಟು ಮುಂದುವರಿದಿರುತ್ತದೆ. ಫುಲ್‌ಪಿಯರ್ಸ್ ನೇರವಾಗಿ ಅಂಗಗಳನ್ನು ಕೇಳುತ್ತದೆ. ಉತ್ತರ ನೂರಕ್ಕೆ 30 ದಾಟಿದವರು ಅಪಾಯದ ಗುಂಪಿಗೆ ಸೇರುತ್ತಾರೆ, ಅವರನ್ನು ಐಸಿಯು ಇರುವ ಕಡೆಯೇ ಇಟ್ಟುಕೊಳ್ಳುವುದು ಕ್ಷೇಮ.

ಕುಂದುಗಳೂ ಇವೆ. ರಕ್ತಸ್ರಾವ, ನಂಜು, ಹೃದಯದ ಕಾಯಿಲೆ ಇರುವವರಿಗೆ ಇದು ಉಪಯೋಗಕ್ಕಿಲ್ಲ. ಎಎಸ್‌ಟಿ ಎಲ್ಲ ತಾಲ್ಲೂಕು ಆಸ್ಪತ್ರೆಯಲ್ಲೂ ರಾತ್ರಿ ಸಿಗುವುದಿಲ್ಲ. ಮಾನಗಳ ತೊಡಕಂತೂ ದಿನಾ ಕಾಡುತ್ತದೆ. ನಮ್ಮ ಲ್ಯಾಬ್ ಪ್ಲೇಟ್‌ಲೆಟ್ ಅನ್ನು 1.2 ಲಕ್ಷ ಎಂದು ಬರೆಯುತ್ತದೆ, ಕ್ಯಾಲ್ಕುಲೇಟರ್ 120 ಎಂದು ನಿರೀಕ್ಷಿಸುತ್ತದೆ. ಕ್ರಿಯಾಟಿನಿನ್ ಅನ್ನು ಕೆಲವು ಕಡೆ ಮೈಕ್ರೊಮೋಲ್‌ನಲ್ಲಿ ಕೇಳುತ್ತಾರೆ, ನಮ್ಮ 0.9 ಮಿಲಿಗ್ರಾಂ ಅನ್ನು 88.4ರಿಂದ ಗುಣಿಸಿ ಸುಮಾರು 80 ಎಂದು ಹಾಕಬೇಕು. 0.9 ಎಂದೇ ಹಾಕಿದರೆ ಮೂತ್ರಪಿಂಡ ಅತ್ಯುತ್ತಮ ಎಂದುಕೊಂಡು ಮುಂದುವರಿಯುತ್ತದೆ. ರಾತ್ರಿ ಎರಡು ಗಂಟೆಗೆ, ಒಂದು ಕೈಯಲ್ಲಿ ಉಸಿರು ಕೊಡುವ ಅಂಬು ಚೀಲ ಒತ್ತುತ್ತಿರುವವರಿಂದ ಈ ಗುಣಾಕಾರ ನಿರೀಕ್ಷಿಸಬಾರದು. ಫುಲ್‌ಪಿಯರ್ಸ್‌ಗೆ ನಾಲ್ಕು.

ಇದರ ತಂಗಿ ಮಿನಿಪಿಯರ್ಸ್, 2014ರದ್ದು. ಲ್ಯಾಬ್ ಬೇಡ. ಎಷ್ಟನೆಯ ಹೆರಿಗೆ, ಎಷ್ಟು ವಾರ, ತಲೆನೋವು ಅಥವಾ ಕಣ್ಣು ಮಂಜಾಗುವುದು, ಎದೆನೋವು ಅಥವಾ ಏದುಸಿರು, ಹೊಟ್ಟೆನೋವಿನ ಜೊತೆ ರಕ್ತಸ್ರಾವ, ಮೇಲಿನ ಬಿಪಿ, ಮೂತ್ರದಲ್ಲಿ ಅದ್ದುವ ಪಟ್ಟಿ. ಇಷ್ಟರಲ್ಲೇ ಲೆಕ್ಕ. ಇದರ ಮೇಲೆ ಕಟ್ಟಿದ ಮೊಬೈಲ್ ತಂತ್ರಾಂಶವನ್ನು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಕ್ಲಿಪ್ ಎಂಬ ಅಧ್ಯಯನದಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಎಎನ್‌ಎಂಗಳು ಮನೆಮನೆಗೆ ಒಯ್ದರು. ಭಾರತ, ಪಾಕಿಸ್ತಾನ, ಮೊಜಾಂಬಿಕ್‌ಗಳ ಫಲಿತಾಂಶ ಸೇರಿಸಿ 2020ರಲ್ಲಿ ಪ್ರಕಟಿಸಿದಾಗ ಒಟ್ಟಾರೆ ಸಾವುನೋವು ಕಡಿಮೆಯಾಗಿರಲಿಲ್ಲ. ಹೆಚ್ಚು ಸಲ ಭೇಟಿ ಪಡೆದ ಮಹಿಳೆಯರಲ್ಲಿ ಮಾತ್ರ ತೊಂದರೆ ಕಡಿಮೆ ಕಂಡಿತು. ನನಗೆ ಇದು ನಿರಾಶೆಯ ಸುದ್ದಿಯಾಗಿ ಕಾಣುವುದಿಲ್ಲ. ಅಪಾಯವನ್ನು ಗುರುತಿಸಿದ ಮೇಲೆ ವಾಹನ, ಹಾಸಿಗೆ, ರಕ್ತ, ವೈದ್ಯರು ಸಿಗದಿದ್ದರೆ ಗುರುತಿಸಿದ್ದರಿಂದ ಏನು ಸಾಧಿಸಿದಂತಾಯಿತು?

ಗೋಕಾಕದಲ್ಲಿ ಪರೀಕ್ಷೆಗೊಳಗಾದ ಕ್ರೇಡಲ್ ಯಂತ್ರದ ಬಗ್ಗೆಯೂ ಎರಡು ಮಾತು. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ರೂಪಿಸಿದ ಬಿಪಿ ಯಂತ್ರ ಇದು. ಮೊಬೈಲ್ ಚಾರ್ಜರ್‌ನಿಂದಲೇ ಚಾರ್ಜ್ ಆಗುತ್ತದೆ. ಬಿಪಿ ತೋರಿಸುವುದರ ಜೊತೆಗೆ ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ ಹಸಿರು, ಹಳದಿ, ಕೆಂಪು ದೀಪ ಹೊತ್ತಿಸುತ್ತದೆ. ಭಾಗಲಬ್ಧ 0.9 ಮುಟ್ಟಿದರೆ ಹಳದಿ, 1.7 ಮುಟ್ಟಿದರೆ ಕೆಂಪು. ಹೆರಿಗೆಯ ನಂತರ ನಾಡಿ 118, ಬಿಪಿ 104/70 ಇರುವ ಬಾಣಂತಿಯನ್ನು ನೋಡಿ "ಬಿಪಿ ಚೆನ್ನಾಗಿದೆ" ಎಂದು ಹೇಳಿಬಿಡುವುದು ಸುಲಭ. ಯಂತ್ರ 1.1 ಎಂದು ಲೆಕ್ಕ ಹಾಕಿ ಹಳದಿ ದೀಪ ಹಾಕುತ್ತದೆ: ಎಲ್ಲೋ ರಕ್ತ ಹೋಗುತ್ತಿದೆ, ಸೀರೆ ಸರಿಸಿ ನೋಡಿ ಎಂದು ಅರ್ಥ. ಆಫ್ರಿಕಾ, ಭಾರತ ಮತ್ತು ಹೈಟಿಯ ಹತ್ತು ಕಡೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತೊಂದರೆಗಳು ಕಡಿಮೆಯಾದವು, ಆದರೆ ಅದಕ್ಕೆ ಯಂತ್ರವೇ ಕಾರಣ ಎಂದು ಖಚಿತವಾಗಿ ಹೇಳಲಾಗಲಿಲ್ಲ. ಐಸಿಯುವಿಗಿಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದಕ್ಕೆ ಹೆಚ್ಚು ಕೆಲಸ. ಯಂತ್ರ ಇಲ್ಲದಿದ್ದರೂ ಭಾಗಾಕಾರ ಯಾರಾದರೂ ಮಾಡಬಹುದು. ನಾಡಿ ಮೇಲಿನ ಬಿಪಿಯನ್ನು ದಾಟಿತು ಎಂದರೆ ಭಾಗಿಸುವ ಅಗತ್ಯವೂ ಇಲ್ಲ, ಓಡಬೇಕು.

ಕೇಂದ್ರ ಸರ್ಕಾರ 2016ರಲ್ಲಿ ಪ್ರಸೂತಿ ಎಚ್‌ಡಿಯು (ಐಸಿಯುವಿಗಿಂತ ಒಂದು ಹಂತ ಕೆಳಗಿನ ನಿಗಾ ಘಟಕ) ಮತ್ತು ಐಸಿಯುಗಳಿಗೆಂದೇ ಮಾರ್ಗಸೂಚಿ ತಂದಿತು. ನಮ್ಮ ರಾಜ್ಯದಲ್ಲಿ 2018–20ರ ಅವಧಿಯಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. ಈ ಅಂತರ ತುಂಬುವುದು ವೆಂಟಿಲೇಟರ್‌ಗಳಿಂದ ಮಾತ್ರ ಸಾಧ್ಯ ಎಂದು ನಾನು ಒಪ್ಪುವುದಿಲ್ಲ. ಕೆಟ್ಟ ಸ್ಥಿತಿಗೆ ಇಳಿಯುತ್ತಿರುವವಳನ್ನು ಆರು ಗಂಟೆ ಮೊದಲು ಗುರುತಿಸಿದರೆ ಎಷ್ಟೋ ಸಲ ವೆಂಟಿಲೇಟರ್ ಅಗತ್ಯವೇ ಬೀಳುವುದಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆಗೆ ತವರಿಗೆ ಬರುವ ರೂಢಿ. ತಪಾಸಣೆಯೆಲ್ಲ ಗಂಡನ ಊರಿನಲ್ಲಿ, ಕಾಯಿಲೆ ತವರಿನಲ್ಲಿ. ತಾಯಿ ಕಾರ್ಡ್ ಜೊತೆಗಿದ್ದು, ಅದರಲ್ಲಿ ಹಿಂದಿನ ಬಿಪಿ, ಕ್ರಿಯಾಟಿನಿನ್, ಪ್ಲೇಟ್‌ಲೆಟ್ ಬರೆದಿದ್ದರೆ ಯಾವ ಸ್ಕೋರ್ ಆದರೂ ದುಪ್ಪಟ್ಟು ಕೆಲಸಕ್ಕೆ ಬರುತ್ತದೆ. 1.1 ಎಂಬ ಕ್ರಿಯಾಟಿನಿನ್ ಹೆದರಿಸಬೇಕೋ ಬೇಡವೋ ಎಂದು ಹೇಳುವುದು ಹಿಂದಿನ 0.5 ಮಾತ್ರ.

ಬಾಗಿಲ ಬಳಿ ನಿಂತವರಿಗೆ ಈ ಸಂಖ್ಯೆಗಳನ್ನು ಹೇಳಬೇಕೇ ಎಂದು ಕಿರಿಯ ವೈದ್ಯರು ಕೇಳುತ್ತಾರೆ. ನಾನು ಹೇಳುವುದಿಲ್ಲ, ಹೇಳಬೇಡಿ ಎಂದೂ ಕೋರುತ್ತೇನೆ. ನೂರಕ್ಕೆ 40 ಎನ್ನುವುದು ನೂರು ಜನರ ಬಗ್ಗೆ ನಿಜ. ಒಳಗೆ ಮಲಗಿರುವ ಇವರ ಮಗಳ ಬಗ್ಗೆ ಅದು ಏನನ್ನೂ ಖಚಿತಪಡಿಸುವುದಿಲ್ಲ. ಅದನ್ನು ಕೇಳಿ ಒಡವೆ ಅಡವಿಟ್ಟು ಖಾಸಗಿ ಆಸ್ಪತ್ರೆಗೆ ಒಯ್ದವರೂ ಇದ್ದಾರೆ, ಇನ್ನು ಮುಗಿಯಿತೆಂದು ಮನೆಗೆ ಕರೆದೊಯ್ಯಲು ಹೊರಟವರೂ ಇದ್ದಾರೆ. ನಾನು ಅಂಗಗಳ ಭಾಷೆಯಲ್ಲೇ ಹೇಳುತ್ತೇನೆ: "ಅವ್ವಾ, ನಿಮ್ಮ ಮಗಳ ಕಿಡ್ನಿ ನಿನ್ನೆಗಿಂತ ಇವತ್ತು ಚೆನ್ನಾಗಿ ಕೆಲಸ ಮಾಡುತ್ತಿದೆ, ಉಸಿರಿಗೆ ಮಷಿನ್ ಇನ್ನೂ ಬೇಕು, ನಾಳೆ ಬೆಳಿಗ್ಗೆ ಮತ್ತೆ ಹೇಳುತ್ತೇನೆ." ಹೇಳಿದ ಹೊತ್ತಿಗೆ ಸರಿಯಾಗಿ ಹೊರಗೆ ಬಂದು ಹೇಳುತ್ತೇನೆ ಕೂಡ. ಸೋಫಾ ಹಾಳೆ ಇದಕ್ಕೂ ನೆರವಾಗುತ್ತದೆ. ಆರು ಸಾಲು ಓದಿದರೆ ಮನೆಯವರಿಗೆ ಹೇಳಬೇಕಾದದ್ದೆಲ್ಲ ಅಲ್ಲೇ ಇದೆ. ಯಾವ ಸ್ಕೋರ್ ಎಷ್ಟೇ ಇರಲಿ, ಚಿಕಿತ್ಸೆ ನಿಲ್ಲಿಸಲು ಅದನ್ನು ಕಾರಣ ಮಾಡಬಾರದು. ಈ ವಯಸ್ಸಿನ ದೇಹಗಳು ಎಲ್ಲಿಂದ ಮರಳಿ ಬರುತ್ತವೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಬೆಲೆಯ ವಿಷಯ: ಸ್ಕೋರ್‌ಗಳೆಲ್ಲ ಉಚಿತ. ನೆಟ್‌ವರ್ಕ್ ಬೇಡುವವು ನಮ್ಮ ಐಸಿಯುವಿನ ದಪ್ಪ ಗೋಡೆಗಳ ನಡುವೆ ತೆರೆದುಕೊಳ್ಳುವುದಿಲ್ಲ, ಹಾಗಾಗಿ ಸೋಫಾ ಕೋಷ್ಟಕವನ್ನು ಲ್ಯಾಮಿನೇಟ್ ಮಾಡಿಸಿ ಪ್ರತಿ ಹಾಸಿಗೆಗೂ ಕಟ್ಟಿದ್ದೇವೆ. ಕೂಡುವುದಷ್ಟೇ ಕೆಲಸ, ಮೊಬೈಲ್ ಇಲ್ಲದೆಯೂ ಆಗುತ್ತದೆ. ಫುಲ್‌ಪಿಯರ್ಸ್‌ನ ಸೂತ್ರ ಕೈಲೆಕ್ಕಕ್ಕೆ ಸಿಗುವಂಥದ್ದಲ್ಲ, ಅದಕ್ಕೆ ಕಾರಿಡಾರಿಗೆ ಹೋಗಲೇಬೇಕು.

ಇಂಥ ಕ್ಯಾಲ್ಕುಲೇಟರ್ ಮಾಡುವವರಲ್ಲಿ ಕನ್ನಡ ಓದಬಲ್ಲವರು ಬೇಕಾದಷ್ಟಿದ್ದಾರೆ, ಬೆಂಗಳೂರಿನಲ್ಲೇ ಇದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟು. ಪ್ಲೇಟ್‌ಲೆಟ್ ಅನ್ನು ಲಕ್ಷದಲ್ಲೂ ಕ್ರಿಯಾಟಿನಿನ್ ಅನ್ನು ಮಿಲಿಗ್ರಾಂನಲ್ಲೂ ತೆಗೆದುಕೊಳ್ಳಿ. ನೆಟ್‌ವರ್ಕ್ ಇಲ್ಲದೆ ನಡೆಯುವಂತೆ ಮಾಡಿ. ಪ್ರಶ್ನೆಗಳನ್ನು ಕನ್ನಡದಲ್ಲಿಡಿ, ರಾತ್ರಿ ಪಾಳಿಯಲ್ಲಿ ಅದನ್ನು ತುಂಬುವವರು ಹೆಚ್ಚಾಗಿ ಶುಶ್ರೂಷಾಧಿಕಾರಿಗಳು. ನಿನ್ನೆಯ ಅಂಕ ಪಕ್ಕದಲ್ಲೇ ಕಾಣಲಿ. ಯಾವುದಾದರೂ ಪರೀಕ್ಷೆಯ ಜಾಗ ಖಾಲಿ ಬಿಟ್ಟರೆ ಅಲ್ಲಿ ಸೊನ್ನೆ ತುಂಬಬೇಡಿ; "ಈ ಪರೀಕ್ಷೆ ಇನ್ನೂ ಆಗಿಲ್ಲ" ಎಂದು ಕೆಂಪಕ್ಷರದಲ್ಲಿ ತೋರಿಸಿ, ಅದು ಬರುವವರೆಗೂ ಒಟ್ಟು ಅಂಕವನ್ನು ಕೊಡಬೇಡಿ.